ಹಸುವಿನ ಮದ್ದು ಮೊಲಕ್ಕಲ್ಲ

1/6
ಮೊದಲ ಫೋಟೋ ನೋಡಿ. ಒಂದು ತುದಿ ಓರೆಯಾಗಿ ಕತ್ತರಿಸಿರೋ ಬಿದಿರಿನ ಕೊಳವೆ. ಏನಿದು ಅಂತ ನಿನ್ನೆ ಸ್ಟೋರಿಲಿ ಕೇಳಿದ್ದೆ. ಕೊಳಲು, ಪೆನ್ ಸ್ಟ್ಯಾಂಡ್, ಪಿಚಕಾರಿ ಅಂತೆಲ್ಲ ಉತ್ತರ ಬಂತು. ಗುಂಡ್ಲುಪೇಟೆ ಕಡೆಯ ಇಬ್ಬರು ಮಾತ್ರ ಸರಿಯಾಗಿ ಹೇಳಿದ್ರು: ಗೊಟ್ಟ. ದನಕ್ಕೆ ಮದ್ದು ಕುಡಿಸೋ ಗೊಟ್ಟ. ಒಬ್ಬರು ದನದ ತಲೆ ಎತ್ತಿ ಹಿಡಿದ್ರೆ, ಇನ್ನೊಬ್ಬರು ಬಾಯಿಯ ಪಕ್ಕದಿಂದ ಇದನ್ನಿಟ್ಟು ಕಷಾಯ ಹೊಯ್ತಾರೆ. ನಮ್ಮಜ್ಜಿ ಮನೆ ಕೊಟ್ಟಿಗೆಯಲ್ಲಿ ಇದು ಇವತ್ತಿಗೂ ನೇತಾಡ್ತಿದೆ.

ಎರಡನೇ ಫೋಟೋದಲ್ಲಿರೋದು ನಮ್ಮ ಮೊಲ, ಬೆಳ್ಳಿ. ಈಗ ಅದಿಲ್ಲ. ಈ ಸಲದ ಇತಿಹಾಸ ಈ ಎರಡು ಫೋಟೋಗಳ ನಡುವಿನದು.

2/6
ನಮ್ಮೋರಿಗೆ ಪ್ರಾಣಿ ವೈದ್ಯ ಹೊಸದೇನಲ್ಲ. ಕನ್ನಡದಲ್ಲಿ ಅದರ ಪುಸ್ತಕ ಬರೆಯೋಕೆ ಶುರು ಮಾಡಿ ಸುಮಾರು 900 ವರ್ಷ ಆಯ್ತು. ಚಾಲುಕ್ಯ ಮನೆತನದ ಕೀರ್ತಿವರ್ಮ ಸುಮಾರು 1125ರಲ್ಲಿ ‘ಗೋವೈದ್ಯ’ ಬರೆದ. ಹೆಸರೇ ಹೇಳೋ ಹಾಗೆ ಅದು ದನಗಳ ಚಿಕಿತ್ಸೆಗೆ. ಸುಮಾರು 1400ರಲ್ಲಿ ಅಭಿನವಚಂದ್ರ ‘ಅಶ್ವವೈದ್ಯ’ ಬರೆದ, ಕುದುರೆಗಳಿಗೆ. ಇನ್ನೂ ಹಿಂದೆ ಹೋದ್ರೆ, ನಮ್ಮ ಪಕ್ಕದ ತಲಕಾಡಿನ ಗಂಗರ ದೊರೆ ಶಿವಮಾರ ಆನೆಗಳ ಮೇಲೆ ‘ಗಜಾಷ್ಟಕ’ ಬರೆದಿದ್ದ ಅಂತ ಶಾಸನದಲ್ಲಿದೆ. ವಿಷ ಮತ್ತು ಅದರ ಚಿಕಿತ್ಸೆಗೇ ಅಂತ 14ನೇ ಶತಮಾನದಲ್ಲಿ ಮಂಗರಾಜ ಬರೆದ ‘ಖಗೇಂದ್ರಮಣಿದರ್ಪಣ’ ಬೇರೆ ಇದೆ.

ಒಂದು ವಿಷಯ ಗಮನಿಸಿದ್ರಾ? ದನಕ್ಕೆ ಒಂದು ಪುಸ್ತಕ, ಕುದುರೆಗೆ ಇನ್ನೊಂದು, ಆನೆಗೆ ಮತ್ತೊಂದು. ‘ಎಲ್ಲ ಪ್ರಾಣಿಗೂ ಒಂದೇ ಮದ್ದು’ ಅನ್ನೋದು ನಮ್ಮ ಹಿರಿಯರ ಮಾತಲ್ಲ. ಅದು ನಮ್ಮ ಕಾಲದ ರೀಲ್ಸ್‌ನ ಮಾತು.

3/6
ಹಾಗಾದ್ರೆ ಮೊಲ ಎಲ್ಲಿ? ‘ಮೊಲ ನಮ್ಮೂರಲ್ಲಿ ಮೊದಲಿಂದ ಇದೆಯಲ್ಲ’ ಅಂತೀರಿ. ಅಲ್ಲೇ ಎಡವಟ್ಟಾಗೋದು. ಬಂಡೀಪುರದ ಅಂಚಲ್ಲಿ ರಾತ್ರಿ ಬೈಕ್ ಲೈಟಿಗೆ ಸಿಕ್ಕಿ ಓಡೋದು ಕಾಡುಮೊಲ. ಅದು ಬಿಲ ತೋಡಲ್ಲ, ಮರಿ ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತೆ, ಮೈತುಂಬ ಕೂದಲಿರುತ್ತೆ. (1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದನ್ನ ಹಿಡಿದು ಸಾಕೋದು ಅಪರಾಧ. ಹೊಲದಲ್ಲಿ ಮರಿ ಸಿಕ್ತು ಅಂತ ಮನೆಗೆ ತರಬೇಡಿ.) ಗೂಡಲ್ಲಿ ಸಾಕೋ ಬಿಳಿ ಮೊಲ ಬೇರೆ ಜಾತಿ. ಅದರ ಮೂಲ ಸ್ಪೇನ್, ಫ್ರಾನ್ಸ್ ಕಡೆ. ಅದರ ಮರಿ ಕಣ್ಣು ಮುಚ್ಚಿಕೊಂಡು, ಬರಿ ಮೈಯಲ್ಲಿ ಹುಟ್ಟುತ್ತೆ. ಇಂಗ್ಲಿಷಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿದೆ, ನಾವು ಎರಡನ್ನೂ ‘ಮೊಲ’ ಅಂತೀವಿ.

ಅಂದ್ರೆ ಸಾಕು ಮೊಲ ನಮ್ಮ ಮನೆಗಳಿಗೆ ಹೊಸ ನೆಂಟ. ದನದ ಮನೆಮದ್ದಿನ ಹಿಂದೆ ತಲೆತಲಾಂತರದ ಅನುಭವ ಇದೆ: ಯಾವುದು ಕೊಟ್ಟಾಗ ಉಳೀತು, ಯಾವುದು ಕೊಟ್ಟಾಗ ಸತ್ತಿತು ಅಂತ ನೋಡಿ ನೋಡಿ ಕಲಿತದ್ದು. ಮೊಲದ ವಿಷಯದಲ್ಲಿ ನಮ್ಮ ಮನೆಗಳಿಗೆ ಆ ಲೆಕ್ಕದ ಪುಸ್ತಕವೇ ಇಲ್ಲ. ಓಪನಿಂಗ್ ಬ್ಯಾಲೆನ್ಸ್ ಸೊನ್ನೆ.

4/6
ಈಗ ಬೆಳ್ಳಿ ವಿಷಯ. ಒಂದು ಶನಿವಾರ ಸಂಜೆ ಹುಲ್ಲು ಮುಟ್ಟಲಿಲ್ಲ. ಹಿಕ್ಕೆನೂ ಹಾಕಿರಲಿಲ್ಲ. ಮೂಲೆಯಲ್ಲಿ ಮುದುರಿ ಕೂತಿತ್ತು. ಅಜ್ಜಿ ಹೊಟ್ಟೆ ಮುಟ್ಟಿ ನೋಡಿ ಅಂದ್ರು: ‘ಹೊಟ್ಟೆ ಉಬ್ಬರ ಕನ ಮಗ. ಒಂದ್ ಜಿನ ಹಸ್ದಿರ್ಲಿ ಬುಡು, ತಾನೇ ಸರಿಯಾಯ್ತದ.’ ಆಮೇಲೆ ದನಕ್ಕೆ ಮಾಡೋ ಹಾಗೇ ಇಂಗು, ಓಂಕಾಳು, ಬೆಳ್ಳುಳ್ಳಿ ಅರೆದು ಕಷಾಯ ಮಾಡಿದ್ರು. ಗೊಟ್ಟದ ಬದಲು ನಾನು ಸಿರಿಂಜ್ ಹಿಡಿದೆ. ಬೆಳ್ಳಿ ಒದ್ದಾಡ್ತು, ಕೆಮ್ಮಿತು. ನಾನು ಇನ್ನೂ ಸ್ವಲ್ಪ ಕುಡಿಸಿದೆ. ಭಾನುವಾರವಿಡೀ ಕಾದ್ವಿ. ಸೋಮವಾರ ಬೆಳಿಗ್ಗೆ ಪಶು ಆಸ್ಪತ್ರೆ ಬಾಗಿಲು ತೆಗೆಯೋ ಹೊತ್ತಿಗೆ ನನ್ನ ಮಡಿಲಲ್ಲೇ ಹೋಯ್ತು.

ಡಾಕ್ಟ್ರು ಬೈಲಿಲ್ಲ. ಕೂರಿಸಿ ವಿವರಿಸಿದ್ರು. ದನಕ್ಕೆ ನಾಲ್ಕು ಕೋಣೆಯ ಹೊಟ್ಟೆ. ಮೊದಲ ಕೋಣೆಯೇ ದೊಡ್ಡ ಡ್ರಮ್ಮಿನಷ್ಟು. ನೀವು ಹಾಕಿದ ಕಷಾಯ ಅಲ್ಲಿ ಕರಗಿ ತೆಳುವಾಗುತ್ತೆ, ಅದಕ್ಕೆ ಒಂದು ದಿನದ ಉಪವಾಸವೂ ತಡೆಯುತ್ತೆ. ಮೊಲಕ್ಕೆ ಒಂದೇ ಹೊಟ್ಟೆ. ಹುಲ್ಲು ಹುಳಿಯೋದು ಸಣ್ಣ ಕರುಳು ಮುಗಿದ ಮೇಲೆ ಬರೋ ಒಂದು ಚೀಲದಲ್ಲಿ. ಅದು ಓಡ್ತಾ ಇರಬೇಕಾದ್ರೆ ಮೊಲ ದಿನವಿಡೀ ಸ್ವಲ್ಪ ಸ್ವಲ್ಪ ತಿಂತಾನೇ ಇರಬೇಕು. ತಿನ್ನೋದು ನಿಂತರೆ ಕರುಳೂ ನಿಲ್ಲುತ್ತೆ, ಗ್ಯಾಸ್ ತುಂಬುತ್ತೆ, ನೋವಿಗೆ ಇನ್ನೂ ತಿನ್ನಲ್ಲ. ಅರ್ಧ ದಿನ ತಿನ್ನದೆ ಇದ್ರೆ ಅದು ಎಮರ್ಜೆನ್ಸಿ. ಮೊಲಕ್ಕೆ ವಾಂತಿ ಮಾಡೋಕೂ ಬರಲ್ಲ. ಒಳಗೆ ಹೋಗಿದ್ದು ಅದೇ ದಾರಿಯಲ್ಲಿ ವಾಪಸ್ ಬರಲ್ಲ.

ಇನ್ನೊಂದು ಲೆಕ್ಕ ನಾನೇ ಹಾಕಿದೆ. ಹಸು 300 ಕೆಜಿ, ಮೊಲ 2 ಕೆಜಿ ಅಂದ್ಕೊಳ್ಳಿ. 150ಕ್ಕೆ 1. ಹಸುವಿಗೆ 300 ಎಂಎಲ್ ಕಷಾಯ ಅಂದ್ರೆ ಮೊಲಕ್ಕೆ 2 ಎಂಎಲ್. ನಾನು ಕೊಟ್ಟಿದ್ದು ಎರಡು ಸಿರಿಂಜ್ ತುಂಬ. ಅದೂ ಬೆಳ್ಳುಳ್ಳಿ. ಈರುಳ್ಳಿ, ಬೆಳ್ಳುಳ್ಳಿ ಮೊಲದ ರಕ್ತದ ಕೆಂಪು ಕಣಗಳನ್ನ ಹಾಳು ಮಾಡುತ್ತೆ. ಕೆಮ್ಮಿದಾಗ ಕಷಾಯ ಶ್ವಾಸಕೋಶಕ್ಕೆ ಹೋಗಿದ್ರೂ ಹೋಗಿರಬಹುದು.

5/6
‘ನಾಟಿ ಮದ್ದು ಕೆಟ್ಟದ್ದು, ಇಂಗ್ಲಿಷ್ ಮದ್ದು ಒಳ್ಳೇದು’ ಅಂತ ಹೇಳ್ತಿದ್ದೀನಿ ಅನ್ಕೋಬೇಡಿ. ಪೆನಿಸಿಲಿನ್ ಕಥೆ ಕೇಳಿ. 1940ರ ಮೇ 25ರಂದು ಆಕ್ಸ್‌ಫರ್ಡಲ್ಲಿ 8 ಇಲಿಗಳಿಗೆ ರೋಗಾಣು ಚುಚ್ಚಿ, ಅದರಲ್ಲಿ 4ಕ್ಕೆ ಮಾತ್ರ ಪೆನಿಸಿಲಿನ್ ಕೊಟ್ರು. ಬೆಳಗಾಗೋದ್ರಲ್ಲಿ ಮದ್ದು ಸಿಗದ 4 ಇಲಿ ಸತ್ತಿದ್ವು, ಸಿಕ್ಕ 4 ಬದುಕಿದ್ವು. ಆಮೇಲೆ ಆ ಮದ್ದು ಲಕ್ಷಾಂತರ ಜನರನ್ನ ಉಳಿಸಿತು. ಆದ್ರೆ 1943ರಲ್ಲಿ ಗಿನಿಪಿಗ್‌ಗಳಿಗೆ ಕೊಟ್ಟು ನೋಡಿದಾಗ ಅವು ಸತ್ತವು! ಮೊದಲೇ ಗಿನಿಪಿಗ್ ಮೇಲೆ ನೋಡಿದ್ದಿದ್ರೆ ಪೆನಿಸಿಲಿನ್ನನ್ನ ವಿಷ ಅಂತ ಬಿಸಾಕಿರೋರೇನೋ.

ಮೊಲದ ಕಥೆಯೂ ಹಾಗೇ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಅದರ ಬಾಯಿಗೆ ಹಾಕಿದ್ರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕೆಟ್ಟವು ಹೆಚ್ಚಾಗಿ ಪ್ರಾಣವೇ ಹೋಗಬಹುದು. ನಾಯಿ ಉಣ್ಣೆಗೆ ಹಾಕೋ ಫಿಪ್ರೊನಿಲ್ ಡ್ರಾಪ್ಸ್ ಮೊಲಕ್ಕೆ ವಿಷ. ದನದ ಹೇನಿಗೆ ಹಚ್ಚೋ ಹೊಗೆಸೊಪ್ಪಿನ ನೀರಲ್ಲಿ ನಿಕೋಟಿನ್ ಇರುತ್ತೆ. ಅದು ಚರ್ಮದಿಂದಲೇ ಒಳಗೆ ಹೋಗುತ್ತೆ, ಜೊತೆಗೆ ಮೊಲ ಮೈ ನೆಕ್ಕಿಕೊಳ್ಳೋ ಪ್ರಾಣಿ. ಹಳ್ಳಿ ಮದ್ದೋ ಮೆಡಿಕಲ್ ಸ್ಟೋರ್ ಮದ್ದೋ ಅನ್ನೋದು ಪ್ರಶ್ನೆ ಅಲ್ಲ. ಯಾವ ಪ್ರಾಣಿಗೆ, ಎಷ್ಟು ಅನ್ನೋದು ಪ್ರಶ್ನೆ.

6/6
ದನದ ವಿಷಯದಲ್ಲೂ ಮನೆಮದ್ದಿಗೆ ಒಂದು ಗಡಿ ಇತ್ತು. ದೊಡ್ಡರೋಗ ಬಂದ್ರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿ ಆಗ್ತಿತ್ತು, ಯಾವ ಕಷಾಯವೂ ನಡೀತಿರಲಿಲ್ಲ. ಅದಕ್ಕೇ 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಶುರುವಾಯ್ತು. 1968ರಲ್ಲಿ ಈ ರೋಗ ನಮ್ಮ ಬಂಡೀಪುರದ ಕಾಟಿಗಳನ್ನೂ ಬಿಡಲಿಲ್ಲ. ಕೊನೆಗೆ ಲಸಿಕೆಯಿಂದ 2011ರಲ್ಲಿ ಇಡೀ ಜಗತ್ತಿಂದಲೇ ಅದು ಹೋಯ್ತು. ದನಕ್ಕೆ ಲಸಿಕೆ ಹಾಕಿಸಿದ್ದು ಗೊಟ್ಟ ಹಿಡಿದ ಅದೇ ಕೈಗಳು. ಗೊತ್ತಿರೋದನ್ನ ಮಾಡಿದ್ರು, ಗೊತ್ತಿಲ್ಲದ್ದನ್ನ ಕೇಳಿದ್ರು.

ಬೆಳ್ಳಿಯನ್ನ ಹಿತ್ತಲಲ್ಲಿ ಮಣ್ಣು ಮಾಡಿದ ದಿನ ಅಜ್ಜಿ ಊಟ ಮಾಡಲಿಲ್ಲ. ರಾತ್ರಿ ಅಂದಿದ್ದು ಇಷ್ಟೇ: ‘ನಂಗೊತ್ತಿರದು ದನದ ವಿಚಾರ ಕನ ಮಗ. ಇದ್ರದ ಕೇಳ್ಬೇಕಿತ್ತು.’ ಕೇಳಬೇಕಾಗಿದ್ದು ನಾನು. ಫೋನ್ ನನ್ನ ಕೈಲೇ ಇತ್ತು.

ಮೊಲ ಸಾಕಿರೋರು ಇದಿಷ್ಟು ನೆನಪಿಡಿ. ತಿನ್ನೋದು, ಹಿಕ್ಕೆ ಹಾಕೋದು ನಿಂತ್ರೆ ಬೆಳಗಾಗಲಿ ಅಂತ ಕಾಯಬೇಡಿ. ಉಪವಾಸ ಹಾಕಬೇಡಿ. ಬಾಯಿಗೆ ಬಲವಂತವಾಗಿ ಏನೂ ಹೊಯ್ಯಬೇಡಿ. ಮುಂದೆ ಹುಲ್ಲು, ನೀರು ಇಟ್ಟು, ಬೆಚ್ಚಗಿಟ್ಟು ಡಾಕ್ಟ್ರ ಹತ್ರ ಓಡಿ. ಎಲ್ಲಿಗೆ ಹೋಗೋದು ಗೊತ್ತಾಗದಿದ್ರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ. ಮೊಲ ನೋಡೋ ಡಾಕ್ಟ್ರು ಯಾರು ಅಂತ ಅದು ಹುಷಾರಾಗಿರುವಾಗಲೇ ತಿಳ್ಕೊಂಡಿರಿ.

ನಿಮ್ಮಜ್ಜಿ ಮನೇಲೂ ಗೊಟ್ಟ ಇದ್ರೆ ಫೋಟೋ ಕಳಿಸಿ. ಅದರಲ್ಲಿ ಯಾವ ಪ್ರಾಣಿಗೆ, ಯಾವ ಕಾಯಿಲೆಗೆ, ಏನು ಕೊಡ್ತಿದ್ರು ಅಂತ ಅವರನ್ನ ಕೇಳಿ ಬರೀರಿ. ಮುಂದಿನ ಭಾಗಕ್ಕೆ ಅದೇ ಸರಕು.