ಮಗ್ಗದ ಊರುಗಳಲ್ಲಿ ಯೋಬನ ಪ್ರಶ್ನೆ

ನೇಕಾರನ ಬದುಕು ಮೊದಲಿನಿಂದಲೂ ಪರರ ಪೈರನ್ನು ನೆಚ್ಚಿಕೊಂಡದ್ದು. ರೈತನಿಗೆ ಬೆಳೆ ಕೈಗೂಡಿದರೆ ಸೀರೆಗೆ ಗಿರಾಕಿ. ಮಳೆ ಹೋದರೆ ಹೊಲಕ್ಕಿಂತ ಮುಂಚೆ ಮಗ್ಗವೇ ಸುಮ್ಮನಾಗುತ್ತದೆ. ಮಲಪ್ರಭೆಯ ಸೀಮೆಯ ಕಮತಗಿ, ಇಳಕಲ್, ಗುಳೇದಗುಡ್ಡಗಳಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಂಥ ಸೀಮೆಗೆ 19ನೆಯ ಶತಮಾನದಲ್ಲಿ ಕ್ರೈಸ್ತಧರ್ಮ ಬಂದಾಗ ಅದರ ಮುಂದೆ ನಿಂತದ್ದು ತತ್ತ್ವಶಾಸ್ತ್ರದ ಪ್ರಶ್ನೆಯಲ್ಲ. ಎಲ್ಲವನ್ನೂ ಕಳೆದುಕೊಂಡವನು ದೇವರನ್ನು ನಂಬುವುದು ಹೇಗೆ ಎಂಬ ಹಳೆಯ ಪ್ರಶ್ನೆ.

ಆ ಪ್ರಶ್ನೆಯನ್ನು ಮೊದಲು ಎದುರಿಸಬೇಕಾದವರು ಬೋಧಿಸಲು ಬಂದವರೇ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಗದಗಿನ ಮಗ್ಗುಲಿನ ಬೆಟಗೇರಿಯಲ್ಲಿ ಠಾಣ್ಯ ಹೂಡಿತು. ಅದರ ಮಿಷನರಿಗಳಲ್ಲಿ ಬಹುಪಾಲು ಜನ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತ್ಯದವರು. ರೈತರ, ಕುಶಲಕರ್ಮಿಗಳ ಮನೆತನದಿಂದ ಬಂದ ಭಾವುಕ ಭಕ್ತರು. ಕಾಲಜ್ಞಾನದ ಗ್ರಂಥಗಳನ್ನು ನಂಬಿದ್ದ ಒಂದು ಪಂಥದವರು ಅವರನ್ನು ಹುಡುಕಿಕೊಂಡು ಬಂದರು. ತಮ್ಮ ಗ್ರಂಥಗಳ ಭವಿಷ್ಯವಾಣಿ ಈ ಪರದೇಶಿ ಗುರುಗಳಲ್ಲಿ ನೆರವೇರುವಂತಿದೆ ಎಂದರು. ಸಾವಿರಾರು ಜನ ಒಮ್ಮೆಲೇ ಕ್ರೈಸ್ತರಾಗುವ ದಿನ ಹತ್ತಿರವಾಯಿತೆಂದು ಮಿಷನರಿಗಳು ಹಿಗ್ಗಿದರು. ಅವರಿಗಾಗಿ ಗದಗಿನ ಬಳಿಯ ಮಲಸಮುದ್ರದಲ್ಲಿ ಒಂದು ಕೃಷಿ ವಸಾಹತನ್ನೇ ಆರಂಭಿಸಿದರು. ಹೊಲ ಸಿದ್ಧವಾಯಿತು, ಮನೆ ಎದ್ದಿತು. ಬರಬೇಕಾದವರು ಮಾತ್ರ ಬರಲಿಲ್ಲ. ವಸಾಹತು ಕೊನೆಗೆ ಮುಚ್ಚಿಹೋಯಿತು. ಮಿಷನ್ನಿನ ಚರಿತ್ರೆಯಲ್ಲಿ ಇದು ಒಂದು ಸಣ್ಣ ಅಧ್ಯಾಯ. ಆದರೆ ದೇವರ ಚಿತ್ತವೆಂದು ತಾವು ಓದಿಕೊಂಡದ್ದು ತಮ್ಮದೇ ಆಸೆಯಾಗಿತ್ತೆಂದು ಒಪ್ಪಿಕೊಳ್ಳುವುದು ಯಾವ ಭಕ್ತನಿಗೂ ಸುಲಭದ ಮಾತಲ್ಲ.

1851ರಲ್ಲಿ ಗುಳೇದಗುಡ್ಡದಲ್ಲಿ ಠಾಣ್ಯ ತೆರೆದಾಗ ನಿರೀಕ್ಷೆ ಇಷ್ಟು ದೊಡ್ಡದಿರಲಿಲ್ಲ. ಸಂತೆ, ಜಾತ್ರೆಗಳಲ್ಲಿ ಬೋಧನೆ, ಒಂದು ಶಾಲೆ, ಅಲ್ಲೊಬ್ಬ ಇಲ್ಲೊಬ್ಬ ಕೇಳುಗ. ಈಗ ನಷ್ಟದ ಸರದಿ ಹೊಸ ವಿಶ್ವಾಸಿಗಳದ್ದು. ಮತಾಂತರಗೊಂಡವನಿಗೆ ಪಿತ್ರಾರ್ಜಿತ ಆಸ್ತಿಯ ಹಕ್ಕು ತಪ್ಪಬಾರದೆಂದು ಕಂಪನಿ ಸರ್ಕಾರ 1850ರಲ್ಲೇ ಕಾಯಿದೆ ಮಾಡಿತ್ತು, ನಿಜ. ಆದರೆ ಕಾಯಿದೆ ಹೊಲ ಕೊಡಿಸಬಹುದು, ಹೆಣ್ಣು ಕೊಡಿಸುವುದೆ? ನೂಲು ಕೊಡುವ ಸಾಹುಕಾರನ ಮನಸ್ಸನ್ನು ತಿರುಗಿಸುವುದೆ? ಹೊಸ ಧರ್ಮಕ್ಕೆ ಬಂದ ನೇಕಾರ ಕುಲ, ನೆಂಟಸ್ತಿಕೆಯ ಜೊತೆಗೆ ಕಸುಬನ್ನೂ ಪಣಕ್ಕಿಡಬೇಕಾಗಿತ್ತು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆ, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದುದರ ಹಿಂದೆ ಇದೇ ಸಂಕಟವಿತ್ತು.

ಇವೆಲ್ಲವನ್ನೂ ಮರೆಸಿಬಿಟ್ಟಿತು ಧಾತು ಸಂವತ್ಸರದ ಬರ. 1876ರಲ್ಲಿ ಮಳೆ ಕೈಕೊಟ್ಟಿತು. ಕಮತಗಿ, ಗುಳೇದಗುಡ್ಡಗಳು ಆಗ ಸೇರಿದ್ದ ಕಲಾದಗಿ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲೇ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲೊಂದು. ಗದಗ-ಹೋಟಗಿ ರೈಲುದಾರಿ ಬಂದದ್ದು 1884ರಲ್ಲಿ. ಬರದ ಕಾಲದಲ್ಲಿ ಕಾಳು ಬರಬೇಕಾದದ್ದು ಎತ್ತಿನ ಗಾಡಿಯಲ್ಲಿ, ಎತ್ತುಗಳೋ ಮೇವಿಲ್ಲದೆ ಸಾಯುತ್ತಿದ್ದವು. 1872ರ ಜನಗಣತಿಯಲ್ಲಿ 8 ಲಕ್ಷಕ್ಕೂ ಮೀರಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿದಿತ್ತು. ಸತ್ತವರೆಷ್ಟು, ಗುಳೆ ಹೋದವರೆಷ್ಟು ಎಂದು ಈ ಅಂಕಿಗಳು ಬಿಡಿಸಿ ಹೇಳುವುದಿಲ್ಲ.

ಬರದಲ್ಲಿ ಅನಾಥರಾದ ಮಕ್ಕಳನ್ನು ಮಿಷನ್ ಸಾಕಿತು, ಸಭೆಗಳೂ ಬೆಳೆದವು. ಗಂಜಿಗಾಗಿ ಬಂದವರೆಂದು ಅವರನ್ನು ಹಂಗಿಸಿದವರುಂಟು. ಆ ಮಾತಿನಲ್ಲಿ ಸತ್ಯ ಇಲ್ಲವೇ ಇಲ್ಲ ಎನ್ನಲಾಗದು. ಆದರೆ ಬರ ಮುಗಿದು ಗಂಜಿ ನಿಂತ ಮೇಲೂ ಉಳಿದವರ ವಿಷಯದಲ್ಲಿ ಆ ಮಾತು ಏನನ್ನೂ ವಿವರಿಸುವುದಿಲ್ಲ.

ಅವರ ಕೈಗೆ ಬಂದ ಬೈಬಲ್ಲಿನಲ್ಲಿ ಯೋಬನ ಗ್ರಂಥವಿತ್ತು. ಕುರಿ, ಒಂಟೆ, ಎತ್ತುಗಳನ್ನೂ ಏಳು ಗಂಡು, ಮೂರು ಹೆಣ್ಣುಮಕ್ಕಳನ್ನೂ ಒಂದೇ ದಿನ ಕಳೆದುಕೊಂಡು ಬೂದಿಯಲ್ಲಿ ಕುಳಿತ ನೀತಿವಂತನ ಕಥೆ. ಮೂವರು ಗೆಳೆಯರು ಬಂದು, ನೀನು ಪಾಪ ಮಾಡಿರಬೇಕು, ಅದಕ್ಕೇ ಈ ಶಿಕ್ಷೆ ಎನ್ನುತ್ತಾರೆ. ನಮ್ಮ ಕಡೆ ಇದನ್ನೇ ಕರ್ಮ ಎನ್ನುತ್ತೇವೆ. ಯೋಬ ಒಪ್ಪುವುದಿಲ್ಲ. ದೇವರ ಮೇಲೆಯೇ ವ್ಯಾಜ್ಯ ಹೂಡುತ್ತಾನೆ; ಆದರೆ ದೇವರನ್ನು ಬಿಟ್ಟು ಎದ್ದುಹೋಗುವುದಿಲ್ಲ. ಕಡೆಗೆ ಬಿರುಗಾಳಿಯಲ್ಲಿ ದೇವರು ಮಾತಾಡಿದರೂ ಕಾರಣವನ್ನು ಹೇಳುವುದಿಲ್ಲ. ಸರಿಯಾಗಿ ಮಾತಾಡಿದವನು ಯೋಬನೇ ಹೊರತು ಆ ಗೆಳೆಯರಲ್ಲ ಎಂದು ಮಾತ್ರ ತೀರ್ಪು ಕೊಡುತ್ತಾನೆ. ಬರವನ್ನು ದೇವರ ದಂಡನೆಯೆಂದು ಸಾರುವ ಬೋಧಕರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಅವರು ಕುಳಿತಿರುವುದು ಆ ಗೆಳೆಯರ ಸಾಲಿನಲ್ಲಿ.

ಕಷ್ಟ ಕೊಟ್ಟು ಭಕ್ತನನ್ನು ಒರೆಗೆ ಹಚ್ಚುವ ದೇವರು ಕೂಡಲಸಂಗಮದ ಸೀಮೆಗೆ ಹೊಸಬನಲ್ಲ. ವಚನಕಾರರು ಅವನೊಡನೆ ಜಗಳವನ್ನೂ ಆಡಿದ್ದಾರೆ. 150 ಕೀರ್ತನೆಗಳಲ್ಲಿ ಮೂರರಲ್ಲೊಂದು ಪಾಲು ಪ್ರಲಾಪವೇ. 88ನೆಯದಂತೂ ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆಯ ಪುಸ್ತಕದಿಂದ ಯಾರೂ ತೆಗೆದುಹಾಕಲಿಲ್ಲ.

ಯೋಬನ ಗ್ರಂಥದ 7ನೆಯ ಅಧ್ಯಾಯದಲ್ಲಿ ನೇಕಾರರಿಗೆ ತಟ್ಟನೆ ತಿಳಿಯುವ ಒಂದು ಹೋಲಿಕೆಯಿದೆ. ತನ್ನ ದಿನಗಳು ಮಗ್ಗದ ಲಾಳಿಗಿಂತ ಬೇಗ ಓಡಿ, ನಿರೀಕ್ಷೆಯಿಲ್ಲದೆ ತೀರುತ್ತಿವೆ ಎಂದು ಯೋಬ ಕೊರಗುತ್ತಾನೆ. ಅಲ್ಲಿರುವ ಹೀಬ್ರೂ ಪದ 'ತಿಕ್ವಾ'. ಅದಕ್ಕೆ ನಿರೀಕ್ಷೆ ಎಂಬ ಅರ್ಥವೂ ಇದೆ, ದಾರ ಎಂಬ ಅರ್ಥವೂ ಇದೆ. ಲಾಳಿ ಓಡುತ್ತಿದೆ, ನೂಲು ಮುಗಿಯುತ್ತಿದೆ. ಕನ್ನಡದಲ್ಲಿ ಈ ಶ್ಲೇಷೆ ಉಳಿಯದು. ಆದರೆ ಕನ್ನಡ ಬೈಬಲ್ 'ನಿರೀಕ್ಷೆ' ಎಂಬ ಪದವನ್ನು ಆರಿಸಿಕೊಂಡದ್ದರಲ್ಲಿ ಬೇರೊಂದು ಲಾಭವಾಯಿತು. ಆಡುಮಾತಿನಲ್ಲಿ ನಿರೀಕ್ಷೆ ಹುಸಿಯಾಗಬಲ್ಲದ್ದು. ಸಭೆಯ ಮಾತಿನಲ್ಲಿ ಅದು ಹುಸಿಯಾದ ಮೇಲೂ ಕಾಯುತ್ತ ಕೂರುವುದು.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಷನರಿಗಳು ಶತ್ರುದೇಶದ ಪ್ರಜೆಗಳಾದರು. ಕೆಲವರು ಅಹಮದನಗರದ ಬಂಧನ ಶಿಬಿರ ಸೇರಿದರು, ಮುಂದೆ ಹಲವರು ಯುರೋಪಿಗೆ ಸಾಗಿಸಲ್ಪಟ್ಟರು. ಭರವಸೆಯನ್ನು ಕಲಿಸಿದವರು ಹೀಗೆ ಹೊರಟುಹೋದರು. ಮಗ್ಗದ ಊರುಗಳ ಸಭೆಗಳಲ್ಲಿ ಪ್ರಾರ್ಥನೆ ನಡೆಸುವ ಭಾರ ಅಲ್ಲಿಯೇ ಹುಟ್ಟಿ ಬೆಳೆದವರ ಹೆಗಲಿಗೆ ಬಂತು.