ಕೊಡಗಿನ ಭೂದಾಖಲೆ: ಶಿಸ್ತಿನ ಕಡತದಿಂದ ಗಣಕದ ಕೋಷ್ಟಕದವರೆಗೆ

ಕೊಡಗಿನ ಇತಿಹಾಸವನ್ನು ಬರೆದವರು ಹಾಲೇರಿ ಅರಸರ ಯುದ್ಧಗಳನ್ನೂ ಸಂಧಿಗಳನ್ನೂ ವಿಸ್ತಾರವಾಗಿ ವರ್ಣಿಸಿ, ಅವರ ಕಂದಾಯ ದಫ್ತರದ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸುವುದುಂಟು. ಆದರೆ ಒಕ್ಕಲಿಗನ ಪಾಲಿಗೆ ಯುದ್ಧಕ್ಕಿಂತಲೂ ದಫ್ತರವೇ ದೀರ್ಘಕಾಲ ಉಳಿಯತಕ್ಕದ್ದು. ಆ ದಫ್ತರವು ಇಂದು ಯಾವ ರೂಪವನ್ನು ತಾಳಿದೆ, ಆ ರೂಪಾಂತರದಲ್ಲಿ ಎಚ್ಚರವಹಿಸಬೇಕಾದ ಅಂಶ ಯಾವುದು ಎಂಬುದನ್ನು ನಾವು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

1811ರಿಂದ 1820ರವರೆಗೆ ಆಳಿದ ಲಿಂಗರಾಜೇಂದ್ರನು ಗದ್ದೆಗಳನ್ನು ಅಳೆಯಿಸಿ, ಕಂದಾಯವನ್ನು ಗೊತ್ತುಪಡಿಸಿ, ಕನ್ನಡದಲ್ಲಿ ಬರೆಯಿಸಿದ ಲೆಕ್ಕವೇ 'ಶಿಸ್ತು'. ಗದ್ದೆಯ ಅಳತೆಗೆ ಅಲ್ಲಿ ಭತ್ತದ ಭಟ್ಟಿಯೇ ಆಧಾರ. ನೂರು ಭಟ್ಟಿ ಗದ್ದೆಗೆ ಸಾಗು ಹಿಡುವಳಿಯವರು 10 ರೂಪಾಯಿ ಕೊಡುತ್ತಿದ್ದರೆ, ಜಮ್ಮಾ ಹಿಡುವಳಿಯವರಿಗೆ 5 ರೂಪಾಯಿ ಮಾತ್ರ. ಗದ್ದೆಗೆ ಹೊಂದಿಕೊಂಡ ಬಾಣೆಯು ಸೊಪ್ಪು, ಸೌದೆ, ಮೇವುಗಳಿಗಾಗಿ ಕಂದಾಯವಿಲ್ಲದೆ ದೊರೆಯುತ್ತಿತ್ತು. ಜಮ್ಮಾ ಭೂಮಿಯು ಒಬ್ಬ ವ್ಯಕ್ತಿಯದಲ್ಲ, ಒಕ್ಕದ್ದು. ದಾಖಲೆಯಲ್ಲಿ ಕಾಣುವ ಪಟ್ಟೇದಾರನು ಒಕ್ಕದ ಪರವಾಗಿ ನಿಂತ ಹಿರಿಯನಷ್ಟೆ. 1834ರಲ್ಲಿ ರಾಜ್ಯವು ಬ್ರಿಟಿಷರ ವಶವಾದ ಮೇಲೂ ಈ ವ್ಯವಸ್ಥೆಯ ಮುಖ್ಯಾಂಶಗಳು ಉಳಿದವು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಕರ್ನಾಟಕ ಸರ್ಕಾರವು 'ಭೂಮಿ' ಯೋಜನೆಯನ್ನು ಕೈಗೊಂಡು, 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಕೈಬರಹದ ಪಹಣಿ ರದ್ದಾಯಿತು. ಗ್ರಾಮಲೆಕ್ಕಿಗನ ಬಳಿ ಇದ್ದ ಪುಸ್ತಕವು ಕೋಷ್ಟಕವಾಯಿತು. ಇಂಥ ಕೋಷ್ಟಕಗಳ ಶಾಸ್ತ್ರವನ್ನು 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞನು ಪ್ರತಿಪಾದಿಸಿದನು. ಒಂದು ಕೋಷ್ಟಕದಲ್ಲಿ ಜಮೀನು, ಇನ್ನೊಂದರಲ್ಲಿ ಹಿಡುವಳಿದಾರ. ಇವೆರಡನ್ನೂ ಸರ್ವೆ ನಂಬರಿನಂಥ ಕೀಲಿಯೊಂದು ಬೆಸೆಯುತ್ತದೆ. ಶಿಸ್ತನ್ನು ಬಲ್ಲವರಿಗೆ ಇದು ತೀರ ಹೊಸದೆಂದು ತೋರಲಾರದು.

ಇಂದು ಪಹಣಿಯನ್ನು ಅಂತರ್ಜಾಲದಲ್ಲಿಯೇ ನೋಡಬಹುದು. ಇಂಥ ವ್ಯವಸ್ಥೆಗಳಲ್ಲಿ ಓದುಗನಿಗೂ ಕೋಷ್ಟಕಕ್ಕೂ ನೇರ ಸಂಪರ್ಕವಿರುವುದಿಲ್ಲ. ನಡುವೆ ಸರ್ವರಿನಲ್ಲಿ ನಿಂತ ವೆಬ್ ಫ್ರೇಮ್‌ವರ್ಕ್, ಹಿಂದಿನ ದಫ್ತರದ ಗುಮಾಸ್ತನಂತೆ, ಕೋರಿಕೆಯನ್ನು ಸ್ವೀಕರಿಸುತ್ತದೆ. ಡೇಟಾಬೇಸಿನ ವಿಳಾಸ, ಬಳಕೆದಾರನ ಹೆಸರು, ಗುಪ್ತಪದಗಳನ್ನು ಒಪ್ಪಿಸಿ, ಡ್ರೈವರ್ ಎಂಬ ದುಭಾಷಿಯ ಮೂಲಕ ಸಂಪರ್ಕವನ್ನು ಪಡೆಯುತ್ತದೆ. ಪ್ರತಿ ಕೋರಿಕೆಗೂ ಹೊಸ ಸಂಪರ್ಕವನ್ನು ತೆರೆಯುವುದು ದುಬಾರಿಯಾದ್ದರಿಂದ ಕೆಲವನ್ನು ಸದಾ ತೆರೆದಿಟ್ಟು ಸರದಿಯಂತೆ ಬಳಸುವುದು ವಾಡಿಕೆ. ಓದುಗನು ಬರೆದ ಸರ್ವೆ ನಂಬರನ್ನು ಪ್ರಶ್ನೆಯ ವಾಕ್ಯದೊಳಗೆ ಹೊಲಿಯದೆ ಬೇರೆಯಾಗಿಯೇ ಕಳುಹಿಸಬೇಕು. ಇಲ್ಲವಾದರೆ ದುರುದ್ದೇಶವುಳ್ಳವನು ಆ ಜಾಗದಲ್ಲಿ ಅಪ್ಪಣೆಯನ್ನೇ ಬರೆದು ದಾಖಲೆಯನ್ನು ಕೆಡಿಸಬಹುದು. ಖಾತೆ ಬದಲಾವಣೆಯಲ್ಲಿ ಹಳೆಯ ಹೆಸರು ತೆಗೆಯುವುದು, ಹೊಸ ಹೆಸರು ಸೇರಿಸುವುದು ಎರಡೂ ಒಟ್ಟಿಗೆ ನಡೆಯಬೇಕು, ಅಥವಾ ಎರಡೂ ನಡೆಯಬಾರದು.

ಇಷ್ಟೆಲ್ಲ ಸರಿಯಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಫ್ರೇಮ್‌ವರ್ಕ್ ಸಾಮಾನ್ಯವಾಗಿ ಕೋಷ್ಟಕದ ಒಂದು ಸಾಲನ್ನು ಒಂದು ವಸ್ತುವೆಂದು ಭಾವಿಸುತ್ತದೆ. ಜಮೀನಿನ ಸಾಲಿನಲ್ಲಿ ಮಾಲೀಕನಿಗೆ ಒಂದೇ ಅಂಕಣವಿದ್ದರೆ ಒಕ್ಕವು ಪಟ್ಟೇದಾರನಲ್ಲಿ ಅಡಗಿಹೋಗುತ್ತದೆ. ಅವನು ಗತಿಸಿದ ಬಳಿಕ ಉಳಿದವರೆಲ್ಲರೂ ದಾಖಲೆಯ ದೃಷ್ಟಿಯಲ್ಲಿ ಪರಕೀಯರು. ಒಕ್ಕಕ್ಕೆ ಪ್ರತ್ಯೇಕ ಕೋಷ್ಟಕವನ್ನೂ, ಅದರ ಸದಸ್ಯರನ್ನು ಕಾಲಸಮೇತ ಬೆಸೆಯುವ ಮತ್ತೊಂದನ್ನೂ ಏರ್ಪಡಿಸಿದರೆ ಮಾತ್ರ ಜಮ್ಮಾದ ನಿಜಸ್ವರೂಪ ಉಳಿದೀತು. ತಂತ್ರಜ್ಞನಿಗೆ ಇದು ಕಷ್ಟದ ಕೆಲಸವಲ್ಲ. ಆದರೆ ಒಕ್ಕವೆಂದರೇನೆಂಬುದನ್ನು ಅವನಿಗೆ ಯಾರಾದರೂ ತಿಳಿಸಬೇಕು.

2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಣ ಬೆಟ್ಟಗಳು ಕುಸಿದಾಗ ಮನೆ ತೋಟಗಳೊಡನೆ ಎಲ್ಲೆಯ ಗುರುತುಗಳೂ ಮಣ್ಣಿನಡಿ ಸೇರಿದವು. ನೆಲವೇ ಸರಿದುಹೋದಲ್ಲಿ ಹಕ್ಕಿಗೆ ಸಾಕ್ಷಿಯಾಗಿ ನಿಲ್ಲುವುದು ದಾಖಲೆ. ಸಂಪರ್ಕವು ಎಷ್ಟೇ ಶೀಘ್ರವಾಗಿರಲಿ, ಕೋಷ್ಟಕದಲ್ಲಿ ಬರೆಯದೆ ಬಿಟ್ಟ ಹೆಸರನ್ನು ಅದು ತಂದುಕೊಡಲಾರದು. ಆದ್ದರಿಂದ ಭೂದಾಖಲೆಯ ಕೋಷ್ಟಕಗಳನ್ನು ರಚಿಸುವಾಗ ಗಣಕಶಾಸ್ತ್ರಜ್ಞನ ಪಕ್ಕದಲ್ಲಿ ಇತಿಹಾಸಕಾರನಿಗೂ ಒಂದು ಸ್ಥಾನವಿರಬೇಕೆಂಬುದು ನಮ್ಮ ಅಭಿಪ್ರಾಯ.