ಶಾಸನಗಳು ಹೆಸರಿಟ್ಟು ಕರೆದ ಸ್ತ್ರೀರತ್ನಗಳು

ಊರಿಗಾಂ ಎಂದೊಡನೆ ಎಲ್ಲರ ನೆನಪಿಗೆ ಬರುವುದು ಚಿನ್ನ. 1880ರಿಂದ ಈಚೆಗೆ ಜಾನ್ ಟೇಲರ್ ಸಂಸ್ಥೆಯ ಆಡಳಿತದಲ್ಲಿ ಬೆಳೆದು, 2001ರಲ್ಲಿ ಮುಚ್ಚಿದ ಗಣಿಗಳು ಈ ನೆಲದ ಹೆಸರನ್ನು ದೇಶದೇಶಗಳಿಗೆ ಒಯ್ದವು. ಆದರೆ ಗಣಿಗಳಿಗಿಂತ ಬಹು ಹಿಂದೆಯೇ ಈ ಸೀಮೆಗೆ ಬೇರೊಂದು ಕೀರ್ತಿಯಿತ್ತು. ಕ್ರಿ. ಶ. ನಾಲ್ಕನೆಯ ಶತಮಾನದಲ್ಲಿ ತಲೆಯೆತ್ತಿದ ಗಂಗರ ಮೊದಲ ರಾಜಧಾನಿ ಸಮೀಪದ ಕುವಲಾಲಪುರ, ಅಂದರೆ ಇಂದಿನ ಕೋಲಾರ. ರಾಜಧಾನಿ ತಲಕಾಡಿಗೆ ಹೋದ ಮೇಲೂ ಆ ಅರಸರು ತಮ್ಮನ್ನು ಕುವಲಾಲಪುರದ ಒಡೆಯರೆಂದೇ ಹೇಳಿಕೊಂಡರು. ಸಿಂಹನಂದಿ ಆಚಾರ್ಯರ ಆಶೀರ್ವಾದದಿಂದ ಈ ವಂಶ ನೆಲೆಗೊಂಡಿತೆಂಬ ಐತಿಹ್ಯವನ್ನು ಜೈನ ಸಮಾಜ ಇಂದಿಗೂ ಸ್ಮರಿಸುತ್ತದೆ.

ಅರಸರ ಬಿರುದಾವಳಿಗಳನ್ನು ಓದಿದಷ್ಟು ಶ್ರದ್ಧೆಯಿಂದ ಅದೇ ಶಾಸನಗಳಲ್ಲಿರುವ ಸ್ತ್ರೀಯರ ಹೆಸರುಗಳನ್ನು ನಾವು ಓದಿದ್ದು ಕಡಿಮೆ. ಪುರಾತನ ಕರ್ನಾಟಕದಲ್ಲಿ ಲೋಕದ ಕಣ್ಣಿಗೆ ಬಿದ್ದ ಮಹಿಳೆಯರ ಮನೆಯ ಬದುಕು ಹೇಗಿತ್ತು, ಹೊರಗಿನ ಕಾರ್ಯ ಹೇಗಿತ್ತು, ಇವೆರಡೂ ಎಲ್ಲಿ ಸಂಧಿಸಿದವು ಎಂಬುದಕ್ಕೆ ಈ ಕಲ್ಲು ಮತ್ತು ತಾಮ್ರಗಳೇ ಸಾಕ್ಷಿ.

ಗಂಗ ಶ್ರೀಪುರುಷನ ಐವತ್ತನೆಯ ಆಳ್ವಿಕೆಯ ವರ್ಷದಲ್ಲಿ, ಅಂದರೆ ಕ್ರಿ. ಶ. 776ರಲ್ಲಿ, ಹೊರಟ ದೇವರಹಳ್ಳಿಯ ತಾಮ್ರಪಟಗಳು ಕುಂದಾಚ್ಚಿ ಎಂಬ ಮಹಿಳೆಯನ್ನು ಹೆಸರಿಸುತ್ತವೆ. ಆಕೆ ಮರುವರ್ಮನ ಮಗಳು, ತಾಯಿಯ ಕಡೆಯಿಂದ ಪಲ್ಲವಾಧಿರಾಜನ ಮೊಮ್ಮಗಳು, ನಿರ್ಗುಂದದ ಪರಮಗೂಳನ ಪತ್ನಿ. ಶ್ರೀಪುರದ ಉತ್ತರಕ್ಕೆ ಲೋಕತಿಲಕವೆಂಬ ಜಿನಭವನವನ್ನು ಮಾಡಿಸಿದವಳು ಆಕೆ. ಅದರ ಜೀರ್ಣೋದ್ಧಾರಕ್ಕೂ ಪೂಜೆಗೂ ಪೊನ್ನಳ್ಳಿ ಗ್ರಾಮ ದತ್ತಿಯಾಯಿತು. ಅರಸನಲ್ಲಿ ಬಿನ್ನಹ ಮಾಡಿಕೊಂಡವನು ಗಂಡನೇ ಆದರೂ, ಬಸದಿ ಆಕೆಯ ಕಾರ್ಯವೆಂಬುದನ್ನು ತಾಮ್ರಪಟ ಮರೆಮಾಚಿಲ್ಲ.

ದಾನವೊಂದೇ ಸ್ತ್ರೀಯರ ಪಾಲಿಗಿದ್ದ ಕಾರ್ಯವೆಂದು ಭಾವಿಸುವವರು ಬನವಾಸಿಯ ಕಡೆಗೆ ನೋಡಬೇಕು. ಅಲ್ಲಿ ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದವನು ಸತ್ತರಸ ನಾಗಾರ್ಜುನ. ಸುಮಾರು 911ರಲ್ಲಿ ಅವನು ತೀರಿಕೊಂಡಾಗ ಆ ಅಧಿಕಾರ ಅವನ ಪತ್ನಿ ಜಕ್ಕಿಯಬ್ಬೆಗೆ ಬಂತು. ಅರಸೊತ್ತಿಗೆಯ ಸಂಬಂಧವಿಲ್ಲದ ಒಬ್ಬ ವಿಧವೆಗೆ ನಾಡಿನ ಆಡಳಿತವನ್ನು ವಹಿಸಿದ್ದು ಸಣ್ಣ ಸಂಗತಿಯಲ್ಲ. ಅದು ಗಂಡನ ಸ್ಥಾನದ ಅನುಕಂಪದ ಉಡುಗೊರೆಯೂ ಅಲ್ಲ. ಹೆಣ್ಣಾಗಿಯೂ ಆಕೆ ಪ್ರಭುಶಕ್ತಿಯುಳ್ಳವಳು, ಆಡಳಿತದಲ್ಲಿ ನಿಪುಣೆ, ತನ್ನ ಪರಾಕ್ರಮದಲ್ಲಿ ಹೆಮ್ಮೆಯುಳ್ಳವಳು, ಜಿನಶಾಸನದಲ್ಲಿ ಭಕ್ತಿಯುಳ್ಳವಳು ಎಂದು ಶಾಸನ ಕೊಂಡಾಡುತ್ತದೆ. 'ಹೆಣ್ಣಾಗಿಯೂ' ಎಂಬ ಆ ಮಾತಿನಲ್ಲಿ ಕಾಲದ ಅಚ್ಚರಿಯೂ ಇದೆ, ಒಪ್ಪಿಗೆಯೂ ಇದೆ.

ಮುಂದೆ ಆಕೆಯನ್ನು ವ್ಯಾಧಿ ಬಾಧಿಸಿತು. ಸಂಸಾರಸುಖ ನಿಸ್ಸಾರವೆಂದು ಬಗೆದ ಆಕೆ ಮಗಳನ್ನು ಕರೆಸಿ, ತನ್ನ ಸಂಪತ್ತನ್ನು ಅವಳಿಗೆ ಒಪ್ಪಿಸಿ, ಬಂದಣಿಕೆಯ ತೀರ್ಥಕ್ಕೆ ಬಂದು ಅಲ್ಲಿನ ಬಸದಿಯಲ್ಲಿ 918ರಲ್ಲಿ ಸಲ್ಲೇಖನ ವ್ರತದಿಂದ ದೇಹವಿಟ್ಟಳು. ಆ ಕ್ಷೇತ್ರ ಇಂದು ಶಿಕಾರಿಪುರ ತಾಲೂಕಿನ ಬಂದಳಿಕೆ. ವೈಧವ್ಯದಲ್ಲಿ ಆರಂಭವಾದ ಅಧಿಕಾರ, ರೋಗದಲ್ಲಿ ಮುಗಿದ ಬದುಕು, ತಾಯಿಯಿಂದ ಮಗಳಿಗೆ ದಾಟಿದ ಆಸ್ತಿ: ಒಬ್ಬ ಅಧಿಕಾರಿಣಿಯ ಒಳಗಿನ ಮತ್ತು ಹೊರಗಿನ ಜೀವನವನ್ನು ಒಂದೇ ಕಲ್ಲಿನಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸುವ ಶಾಸನಗಳು ವಿರಳ.

ಗಂಗವಾಡಿಗೆ ಮರಳಿದರೆ ಅಲ್ಲಿ ಇನ್ನೆರಡು ಬಗೆಯ ಬಾಳು ಕಾಣಸಿಗುತ್ತದೆ. ಶ್ರವಣಬೆಳಗೊಳದ ಒಂದು ವೀರಗಲ್ಲಿನಲ್ಲಿ ಸಾವಿಯಬ್ಬೆ ಕುದುರೆಯೇರಿ, ಕತ್ತಿಯೆತ್ತಿ, ಆನೆಯ ಮೇಲಿನ ಶತ್ರುವಿಗೆ ಇದಿರಾಗಿದ್ದಾಳೆ. ಪತಿಯ ಸಂಗಡ ಬಾಗೆಯೂರಿನ ಯುದ್ಧಕ್ಕೆ ಹೋಗಿ ಮಡಿದ ಆಕೆ ಜಿನಭಕ್ತೆಯೆಂದೂ ಸ್ಮರಣೀಯಳು. ಇಮ್ಮಡಿ ಬೂತುಗನ ಅಕ್ಕ ಪಾಂಬಬ್ಬೆಯ ದಾರಿ ಬೇರೆ. ಅರಮನೆಯ ಬಂಧುತ್ವವನ್ನು ಬಿಟ್ಟು, ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷ ತಪಸ್ಸಿನಲ್ಲಿದ್ದು 971ರಲ್ಲಿ ಮುಡಿಪಿದಳೆಂದು ಕಡೂರಿನ ಶಾಸನ ತಿಳಿಸುತ್ತದೆ. ಒಬ್ಬಳು ರಣರಂಗವನ್ನು ಆರಿಸಿಕೊಂಡಳು, ಇನ್ನೊಬ್ಬಳು ತಪೋರಂಗವನ್ನು. ಇಬ್ಬರನ್ನೂ ಕಲ್ಲು ಸಮಾನ ಗೌರವದಿಂದ ಉಳಿಸಿಕೊಂಡಿದೆ.

ಈ ಪರಂಪರೆಯ ಶಿಖರ ಅತ್ತಿಮಬ್ಬೆ. ಚಾಲುಕ್ಯ ತೈಲಪನ ದಂಡನಾಯಕ ನಾಗದೇವನಿಗೆ ಅಕ್ಕತಂಗಿಯರಿಬ್ಬರೂ ಪತ್ನಿಯರು. ಅವನು ತೀರಿದಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನನ್ನು ಸಾಕುತ್ತ ಉಳಿದಳು. ಒಂದೇ ಮನೆ, ಒಂದೇ ದುಃಖ, ಎರಡು ನಿರ್ಣಯಗಳು. ಆಕೆ ಬದುಕಲು ನಿಶ್ಚಯಿಸಿದ ಆ ಗಳಿಗೆಗೆ ಕನ್ನಡ ನಾಡು ಋಣಿಯಾಗಿದೆ. ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದುದು, ಹೊನ್ನು ಮತ್ತು ರತ್ನಗಳ 1500 ಜಿನಬಿಂಬಗಳನ್ನು ಮಾಡಿಸಿದುದು, 993ರ ಅಜಿತಪುರಾಣಕ್ಕೆ ರನ್ನನಿಗೆ ಆಶ್ರಯವಿತ್ತುದು, ಲಕ್ಕುಂಡಿಯ ಬಸದಿ ಮತ್ತು ಅದರ 1007ರ ಶಾಸನ, ಎಲ್ಲವೂ ಆ ಒಂದು ನಿರ್ಣಯದ ಫಲಗಳು. ಕರ್ನಾಟಕ ಸರ್ಕಾರ ಸಾಧಕ ಮಹಿಳೆಯರಿಗೆ ಕೊಡುವ ಪ್ರಶಸ್ತಿಯೊಂದು ದಾನಚಿಂತಾಮಣಿಯಾದ ಆಕೆಯ ಹೆಸರನ್ನೇ ಧರಿಸಿದೆ.

ಇವರೆಲ್ಲ ಅನುಕೂಲವಂತ ಮನೆತನಗಳವರು ಎಂಬುದು ನಿಜ. ಹೊಲದಲ್ಲಿ, ಕಣದಲ್ಲಿ ದುಡಿದ ಅಸಂಖ್ಯ ಸ್ತ್ರೀಯರಿಗೆ ಕಲ್ಲು ದೊರೆಯಲಿಲ್ಲ. ಈ ಮಿತಿಯನ್ನು ಒಪ್ಪಿಕೊಂಡೇ ಒಂದು ಮಾತನ್ನು ಹೇಳಬೇಕಾಗಿದೆ. ಸಾವಿರ ವರ್ಷಗಳ ಹಿಂದಿನ ಶಾಸನಕವಿ ಕುಂದಾಚ್ಚಿಯನ್ನು ಕುಂದಾಚ್ಚಿಯೆಂದೇ ಕರೆದ, ಜಕ್ಕಿಯಬ್ಬೆಯನ್ನು ಜಕ್ಕಿಯಬ್ಬೆಯೆಂದೇ ಕರೆದ. ಇಂದಿನ ಅನೇಕ ದೇವಾಲಯಗಳ ಅಮೃತಶಿಲೆಯ ಫಲಕಗಳಲ್ಲಾದರೋ ಗಂಡಸಿನ ಹೆಸರಿನ ಮುಂದೆ 'ಮತ್ತು ಕುಟುಂಬದವರು' ಎಂಬಷ್ಟರಲ್ಲಿ ಮಾತು ಮುಗಿಯುತ್ತದೆ. ಒಡವೆ ಬಿಚ್ಚಿಕೊಟ್ಟವಳು, ನೋಂಪಿಯ ಹಣವನ್ನು ಕೂಡಿಟ್ಟು ಒಪ್ಪಿಸಿದವಳು ಆ ಎರಡು ಪದಗಳ ಹಿಂದೆ ಮರೆಯಾಗುತ್ತಾಳೆ.

ಚಿನ್ನದ ಗುಣವನ್ನು ಒರೆಗಲ್ಲು ಹೇಳುವಂತೆ ಒಂದು ಸಮಾಜದ ಗುಣವನ್ನು ಅದು ಕೆತ್ತಿಸಿದ ಕಲ್ಲು ಹೇಳುತ್ತದೆ. ಇನ್ನು ಮುಂದೆ ಕೆತ್ತಿಸುವ ಪ್ರತಿಯೊಂದು ಫಲಕದಲ್ಲೂ ದಾನ ಮಾಡಿದವಳ ಹೆಸರು ಅವಳದಾಗಿಯೇ ಇರಲಿ. ಕುವಲಾಲದ ಅರಸರ ಕಾಲದಿಂದ ಬಂದ ಪದ್ಧತಿಯನ್ನು ಉಳಿಸಿಕೊಳ್ಳಲು ಅಷ್ಟು ಸಾಕು.